ಡೆಲ್ಫಾ ಬರೆದ ನಾಲ್ಕು ಪುಟದ ಆಕ್ಷೇಪಣೆ

ಡೆಲ್ಫಾ ರಕ್‌ಮನ್‌ಗೆ ಅರವತ್ತೊಂಬತ್ತು. ಹನ್ನೊಂದು ವರ್ಷದ ಹಿಂದೆ ಹೇಸರಗತ್ತೆಯೊಂದು ಮೈಮೇಲೆ ಉರುಳಿ ಸೊಂಟದ ಕೀಲು ಮುರಿಯಿತು. ಅಂದಿನಿಂದ ನೂರು ಹೆಜ್ಜೆ ನಡೆದರೆ ಕಣ್ಣು ಕತ್ತಲೆ ಬರುತ್ತದೆ. ಜೀನಿನ ಮೇಲೆ ಹೇಗೋ ಹತ್ತಿ ಕೂತುಬಿಟ್ಟರೆ ಮಾತ್ರ ಇಡಾಹೋದ ಯಾವ ಬೆಟ್ಟವನ್ನಾದರೂ ಏರಿಯಾಳು. ನಲವತ್ತು ವರ್ಷ ಬೇಟೆಗಾರರ ಸಾಮಾನು ಹೊತ್ತ ಹೇಸರಗತ್ತೆಗಳ ಸಾಲು ನಡೆಸಿ, ಅವರಿಗೆ ಬೇಯಿಸಿ ಹಾಕಿ ಬದುಕಿದವಳು. ನಮ್ಮ ಕಣಿವೆಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ, ಅವಳು ಹುರಿದ ಆಲೂಗಡ್ಡೆಗೆ ಮನಸೋಲದವರೂ ಇಲ್ಲ.

ವರ್ಷಕ್ಕೊಮ್ಮೆ, ಆಗಸ್ಟ್ ಹನ್ನೆರಡರಂದು, ಒಂಬತ್ತು ಮೈಲಿ ಮೇಲಿರುವ ಸರೋವರಕ್ಕೆ ಕುದುರೆ ಹತ್ತಿ ಒಬ್ಬಳೇ ಹೋಗುತ್ತಿದ್ದಳು. ಮಗ ಲ್ಯಾನಿ ಇಪ್ಪತ್ತಮೂರರ ವಯಸ್ಸಿನಲ್ಲಿ ಅಲ್ಲಿ ಮುಳುಗಿ ಸತ್ತ. ಹೆಣ ಸಿಗಲೇ ಇಲ್ಲ. ಊರಿನಲ್ಲಿ ಗೋರಿಯಿಲ್ಲದ ಮಗನಿಗಾಗಿ ಆ ದಡದಲ್ಲಿ ಒಂದು ದಿನ ಕೂತು, ಕಣಿವೆಯ ಸುದ್ದಿಯನ್ನೆಲ್ಲ ಅವನಿಗೆ ಹೇಳಿ ಬರುತ್ತಿದ್ದಳು.

ಆ ದಾರಿಯನ್ನು ಕುದುರೆಗಳಿಗೆ ಮುಚ್ಚಿ, ನಡೆಯುವವರಿಗೆ ಮಾತ್ರ ಬಿಡುತ್ತೇವೆ ಎಂದು ಅರಣ್ಯ ಕಚೇರಿ ಮಾರ್ಚ್‌ನಲ್ಲಿ ಪ್ರಕಟಣೆ ಹೊರಡಿಸಿತು. ಎರಡು ಬೇಸಿಗೆ ಹುಡುಕಿದರೂ ಅಲ್ಲಿ ಕುದುರೆ ಓಡಾಡಿದ ಗುರುತು ಸಿಗಲಿಲ್ಲವಂತೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು.

ಗುರುತು ಎಲ್ಲಿಂದ ಸಿಗಬೇಕು? ಲದ್ದಿಯನ್ನು ಒದ್ದು ಚೆದುರಿಸು, ಕುದುರೆ ಕೆರೆದ ಗುಂಡಿ ಮುಚ್ಚು, ಒಲೆ ಹೂಡಿದ ಕಲ್ಲನ್ನು ಹೊಳೆಗೆ ಎಸೆ, ನೀನು ಬಂದದ್ದು ಹಿಂದೆ ಬರುವವನಿಗೆ ಗೊತ್ತಾಗಬಾರದು. ಇದು ನಮ್ಮ ಕುದುರೆ ಜನರ ಮರ್ಯಾದೆ. ಕಣಿವೆಗೆಲ್ಲ ಬೈದು ಬೈದು ಇದನ್ನು ಕಲಿಸಿದವಳೇ ಡೆಲ್ಫಾ. ಚಳಿಗಾಲದಲ್ಲಿ ಬಿದ್ದ ಮರಗಳನ್ನು ಇಬ್ಬರೆಳೆಯುವ ಗರಗಸದಿಂದ ಕೊಯ್ದು ದಾರಿ ಬಿಡಿಸುತ್ತಿದ್ದವರೂ ನಾವೇ. ಹೇಳಿದರೆ ಅಪ್ಪಣೆ ಕೇಳಬೇಕಾದೀತೆಂದು ಕಚೇರಿಯ ಮುಂದೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಇಷ್ಟು ಬುದ್ಧಿವಂತಿಕೆ ಇರುವವರಿಗೆ ಬೇರೆ ಶತ್ರು ಯಾಕೆ ಬೇಕು?

ಸಭೆ ಸೇರಿತು. ಲಾಳ ಹೊಡೆಯುವ ರಾಯ್ಸ್ ಪಿಂಕ್‌ಹ್ಯಾಮ್ ಅಚ್ಚು ಹಾಕಿಸಿ ತಂದಿದ್ದ ಪತ್ರವನ್ನು ಎಲ್ಲರಿಗೂ ಹಂಚಿದ. ‘ನಮ್ಮ ಮುತ್ತಾತಂದಿರ ಕಾಲದಿಂದ’ ಎಂದು ಅದರ ಆರಂಭ. ಮೇಜು ಗುದ್ದಿದ್ದೂ ಆಯಿತು, ಬಿಯರ್ ಕುಡಿದದ್ದೂ ಆಯಿತು, ಇನ್ನೂರ ಹನ್ನೆರಡು ಜನ ಸಹಿ ಹಾಕಿದ್ದೂ ಆಯಿತು. ಡೆಲ್ಫಾ ಆ ಕಟ್ಟನ್ನು ಕಚೇರಿಗೆ ಒಯ್ದಳು. ಅಲ್ಲಿ ಕೆಲಸಕ್ಕಿದ್ದ ಮಾರಿಬೆಲ್, ಹಿಂದೆ ಡೆಲ್ಫಾಳ ಬಳಿಯೇ ಸವಾರಿ ಕಲಿತವಳು, ಕಟ್ಟು ಬಿಚ್ಚಿ ನಿಟ್ಟುಸಿರಿಟ್ಟಳು.

“ಮಿಸೆಸ್ ರಕ್‌ಮನ್, ಇದು ಇನ್ನೂರ ಹನ್ನೆರಡಲ್ಲ. ಒಂದೇ.”

“ನಿಂಗೆ ಕುದುರೆ ಹತ್ತೋದು ಕಲಿಸ್ದೆ, ಎಣಿಸೋದು ಕಲಿಸ್ಲಿಲ್ಲ ನೋಡು. ನಂದೇ ತಪ್ಪು.”

“ಬೈಬೇಡಿ. ಒಂದೇ ಪತ್ರಕ್ಕೆ ಊರೆಲ್ಲ ಸಹಿ ಹಾಕಿದ್ರೂ ಒಂದೇ ಉತ್ತರ. ಇದೇನು ಓಟಲ್ಲ. ನೀವು ಕಣ್ಣಾರೆ ಕಂಡಿದ್ದು ಬರೀರಿ. ಯಾವ ಮೈಲಿ, ಯಾವ ತಿಂಗಳು, ಎಷ್ಟು ಕುದುರೆ, ದಾರಿ ಎಲ್ಲೆಲ್ಲಿ ಕೆಟ್ಟಿದೆ, ಮುಚ್ಚೋ ಬದ್ಲು ಏನ್ ಮಾಡ್ಬೋದು. ಅದಕ್ಕೆ ಅವ್ರು ಉತ್ರ ಕೊಡ್ಲೇಬೇಕು.”

“ಲ್ಯಾನಿ ವಿಷ್ಯ?”

ಮಾರಿಬೆಲ್ ತಲೆ ತಗ್ಗಿಸಿದಳು. “ಓದ್ತಾರೆ. ಅಯ್ಯೋ ಪಾಪ ಅಂತಾರೆ. ಅಷ್ಟೇ.”

ಡೆಲ್ಫಾ ಮೂರು ವಾರ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದಳು. ಮೊದಲ ಪುಟ ಪೂರ್ತಿ ಮಗನದೇ ಆಗಿತ್ತು. ಅದನ್ನು ಹರಿದು ಒಲೆಗೆ ಹಾಕಿದಳು. ಮಗನನ್ನು ಎರಡನೆಯ ಸಲ ಕಳೆದುಕೊಂಡಷ್ಟು ಸಂಕಟವಾಯಿತು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಎರಡನೆಯ ಮೈಲಿಯಲ್ಲಿ ಜೂನ್ ಮುಗಿಯುವವರೆಗೂ ಮೊಣಕಾಲುದ್ದ ಕೆಸರು, ಹತ್ತು ದಿಮ್ಮಿ ಹಾಸಿದರೆ ಸರಿಹೋಗುತ್ತದೆ. ಐದನೆಯ ಮೈಲಿಯ ಸೇತುವೆಯ ಎಡತೊಲೆ ಕೊಳೆತಿದೆ, ಕೆಳಗಿನ ಹೊಳೆಯಲ್ಲೇ ದಾಟಬಹುದು. ಏಳರಲ್ಲಿ ಬಂಡೆ ಜರುಗಿದೆ, ಅಲ್ಲಿ ಒಂದೊಂದೇ ಕುದುರೆ ಬಿಡುತ್ತೇವೆ. ಹೋದ ವರ್ಷ ಮೂವತ್ತೊಂದು ಮರ ಕೊಯ್ದೆವು. ಹದಿನಾಲ್ಕು ಸವಾರರು ಹೋಗಿಬಂದರು, ಇವು ಅವರ ಹೆಸರು.

ರಾಯ್ಸ್ ಓದಿ ಗಾಬರಿಯಾದ. “ಅಲ್ಲ ಡೆಲ್, ಕೊಳೆತ ತೊಲೆ ವಿಷ್ಯ ಯಾಕ್ ಬರ್ದೆ? ನಮ್ ತಲೆ ಮೇಲೆ ನಾವೇ ಕಲ್ಲು ಹಾಕ್ಕೊಂಡ್ಹಾಗಾಯ್ತಲ್ಲ!”

“ಬಾಯ್ಮುಚ್ಚೋ. ತೊಲೆ ಮುಚ್ಚಿಟ್ರೆ ಹದಿನಾಲ್ಕು ಸವಾರರನ್ನ ಯಾವನು ನಂಬ್ತಾನೆ?”

ಜುಲೈನಲ್ಲಿ ತೀರ್ಮಾನ ಬಂತು. ರಾಯ್ಸನ ಕಟ್ಟಿಗೆ ಒಂದು ಸಾಲು: ‘ಗಮನಿಸಲಾಗಿದೆ.’ ಡೆಲ್ಫಾಳ ನಾಲ್ಕು ಪುಟಕ್ಕೆ ಒಂದೂವರೆ ಪುಟದ ಉತ್ತರ. ಆಕೆ ಕೊಟ್ಟ ಮಾಹಿತಿ ಬಹಳ ಉಪಯುಕ್ತ, ಅದಕ್ಕಾಗಿ ಧನ್ಯವಾದ. ಆಕೆಯೇ ಬರೆದಂತೆ ಎರಡು, ಐದು, ಏಳನೆಯ ಮೈಲಿಗಳು ಕುದುರೆಗೆ ಅಪಾಯಕರ. ದುರಸ್ತಿಗೆ ಆಳುಗಳಿಲ್ಲ. ಅಪ್ಪಣೆಯಿಲ್ಲದೆ ಮರ ಕೊಯ್ದಿರುವುದೂ ತಿಳಿದುಬಂದಿದೆ. ಆದ್ದರಿಂದ ಆಗಸ್ಟ್ ಒಂದರಿಂದ ಈ ದಾರಿಯಲ್ಲಿ ಕುದುರೆ, ಹೇಸರಗತ್ತೆಗಳಿಗೆ ಪ್ರವೇಶವಿಲ್ಲ.

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾವು ಕಂಡಿದ್ದೇವೆ. ನಿಜ ಹೇಳಿ ಹೀಗೆ ಸಿಕ್ಕಿಬಿದ್ದವಳನ್ನು ಕಂಡದ್ದು ಅದೇ ಮೊದಲು. ರಾಯ್ಸ್ ‘ನಾನು ಹೇಳಿರಲಿಲ್ಲವೇ’ ಎಂದು ಹಂಗಿಸಲಿಲ್ಲ. ಆ ಒಂದು ದೊಡ್ಡತನಕ್ಕೆ ಅವನ ನೂರು ಪೆದ್ದುತನವನ್ನು ಕ್ಷಮಿಸಬಹುದು.

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಡೆಲ್ಫಾ ಎರಡು ಕೋಲೂರಿಕೊಂಡು ನಡೆದೇ ಹೊರಟಳು. ಯಾರ ಮಾತನ್ನೂ ಕೇಳಲಿಲ್ಲ. ಅರ್ಧ ಮೈಲಿಗೆ ಎರಡು ಗಂಟೆ ಹಿಡಿಯಿತು. ಮೊದಲ ತೊರೆಯ ಹತ್ತಿರ ಸೊಂಟ ಸೋತು ಕುಸಿದು ಕೂತಳು. ಬೆನ್ನಿಗೆ ಚೀಲ ಹೊತ್ತು ಬಂದ ಯುವತಿಯೊಬ್ಬಳು ನಿಂತಳು.

“ಹುಷಾರಾಗಿದೀರಾ? ಯಾರನ್ನಾದ್ರೂ ಕರೀಲಾ?”

“ಬೇಡಮ್ಮ. ಸರೋವರಕ್ಕೆ ಹೋಗ್ತಿದೀಯಾ?”

“ಹೌದು.”

“ದಡದಲ್ಲಿ ನಿಂತು ಲ್ಯಾನಿ ಅಂತ ಒಂದ್ಸಲ ಕೂಗು. ಜೋರಾಗಿ. ಅಮ್ಮ ತೊರೆ ತನಕ ಬಂದಿದ್ಲು, ಮುಂದಕ್ಕೆ ಬರೋಕಾಗ್ಲಿಲ್ಲ ಅಂತ ಹೇಳು.”

“ಖಂಡಿತ ಹೇಳ್ತೀನಿ. ಅವ್ರು ಅಲ್ಲೇ ಉಳ್ಕೊಂಡಿದಾರಾ?”

“ಹೂಂ,” ಎಂದಳು ಡೆಲ್ಫಾ. “ಹತ್ತೊಂಬತ್ತು ವರ್ಷದಿಂದ.”