ತೆಂಕಣಕ್ಕೆ ತಿರುಗಿಸಿದ ಗೊನೆ

ರೇಖಾ, ಆ ಬಾಳೆಯ ಡ್ರಮ್ಮನ್ನು ತಿರುಗಿಸಿದವಳು ನಾನು. ಗೊನೆ ತಾನಾಗಿ ತೆಂಕಣಕ್ಕೆ ಹೊರಳಲಿಲ್ಲ. ನಾನೇ ಹೊರಳಿಸಿದೆ — ಹಾಡಹಗಲಲ್ಲಿ, ನೀನು ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗಿದ್ದ ಹೊತ್ತಿನಲ್ಲಿ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಇಲ್ಲ.

ನೀನು ನನ್ನ ಮೈದುನನ ಹೆಂಡತಿಯಾಗಿ ನಿಟ್ಟುವಳ್ಳಿಯ ಮನೆಗೆ ಬಂದಾಗ ನಾನು ಅಲ್ಲಿ ಹಳಬಳಾಗಿದ್ದೆ. ಕೆಳಗೆ ಅತ್ತೆ ಮತ್ತು ನಾವು, ಮೇಲೆ ನೀವು, ಅದರ ಮೇಲೆ ಬಿಸಿಲಿಗೆ ಕಾಯುವ ತಾರಸಿ. ತವರಿಗೆ ಹೋದವಳು ನೀನು ಒಮ್ಮೆ ಕೊಕ್ಕನೂರಿನಿಂದ ಗೋಣಿಚೀಲದಲ್ಲಿ ಬಾಳೆಯ ಕಂದು ತಂದಿದ್ದೆ. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ಸಿ, ಬದಿಯಲ್ಲಿ ನೀರು ಬಸಿಯಲು ತೂತು ಹಾಕಿಸಿ, ಮಣ್ಣು ಗೊಬ್ಬರ ತುಂಬಿ ನೆಟ್ಟಿದ್ದೆ. ಡ್ರಮ್ಮಿನಲ್ಲಿ ಬಾಳೆ ಬರುತ್ತದೆಯೇ ಎಂದು ನಾನು ನಕ್ಕಿದ್ದೆ. ಬಂತು. ಅಕ್ಕಿ ತೊಳೆದ ನೀರು ಹೊತ್ತು ದಿನಾ ಮೆಟ್ಟಿಲು ಹತ್ತುತ್ತಿದ್ದೆ ನೀನು. ಬೇಸಿಗೆಯಲ್ಲಿ ಹಳೆಯ ಸೀರೆ ಕಟ್ಟಿ ನೆರಳು ಮಾಡಿದೆ, ಬುಡದ ಮರಿಗಳನ್ನು ಕಿತ್ತು ಒಂದನ್ನೇ ಉಳಿಸಿದೆ. ಕೊನೆಗೆ ಹೂವು ಹೊರಬಿತ್ತು. ಆ ದಿನಗಳಲ್ಲೇ ನಿನಗೂ — ಮದುವೆಯಾಗಿ ಬಹಳ ಕಾಲದ ಮೇಲೆ — ಬಸಿರು ನಿಂತಿತ್ತು.

ಅತ್ತೆಗೆ ಎರಡೂ ಒಂದೇ ಅನ್ನಿಸಿತು. ಗೊನೆ ಮೂಡಲಿಗೆ ಬಾಗಿದೆ, ಶುಭ ಎಂದರು. ಬಸುರಿಗೆ ಮಾಡುವ ಕುಬಸದ ದಿನ ನಿನ್ನ ಮಡಿಲಿಗೆ ಇದೇ ಹಣ್ಣು ಎಂದರು. ತೆಂಕಣಕ್ಕೆ ಬಾಗಿದರೆ ಮಾತ್ರ ಮನೆಗೆ ಕೇಡು ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಅದನ್ನು ನನಗೆ ಹೇಳಿದವರೂ ಅವರೇ.

ಸಂಜೆಯಾದರೆ ನೀವಿಬ್ಬರೂ ತಾರಸಿಯಲ್ಲಿ. ಒಣಗಿದ ಬಟ್ಟೆ ತರಲು ನಾನು ಹತ್ತಿದರೆ ಮಾತು ನಿಲ್ಲುತ್ತಿತ್ತು. ಅತ್ತೆ ಗೊನೆಯ ಕಡೆ ನೋಡುವರು, ನೀನು ಸೆರಗು ಸರಿಮಾಡಿಕೊಳ್ಳುವೆ. ನನ್ನ ಕೂಸು ತೊಟ್ಟಿಲಲ್ಲೇ ಕಣ್ಣು ಮುಚ್ಚಿದ ಮೇಲೆ ನನಗೆ ಮತ್ತೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವರಿಗೆ ಮನೆಯಲ್ಲಿ ಪಾಲು ಯಾಕೆ ಎಂದು ಮಾತಾಡುತ್ತಿರಬಹುದೇ? ಅತ್ತೆಯ ಟ್ರಂಕಿನ ಬೀಗ ಯಾಕೆ ಬದಲಾಯಿತು? ಮೈದುನ ಯಾಕೆ ನನ್ನ ಮುಖ ನೋಡದೆ ಚಹಾ ಕುಡಿದ? ಏನು ನಡೆದರೂ ನನಗೆ ಅದರಲ್ಲೊಂದು ಸಂಚು ಕಾಣುತ್ತಿತ್ತು. ಕೇಳಿಬಿಡಬಹುದಿತ್ತು — ಕೇಳಲಿಲ್ಲ. ಬರಿಗಾಲಲ್ಲಿ ಮೆಟ್ಟಿಲು ಹತ್ತುವುದನ್ನು ಕಲಿತೆ.

ಹಾಗೆ ಹತ್ತಿದ ಒಂದು ಸಂಜೆ ನಿನ್ನ ದನಿ ಕೇಳಿಸಿತು. "ಅಕ್ಕನ ಕಿವಿಗೆ ಮಾತ್ರ ಹಾಕಬ್ಯಾಡ್ರಿ ಅತ್ತಿ." ಹಾಕುವುದಿಲ್ಲ ಎಂದರು ಅತ್ತೆ. ನನಗೆ ಅಷ್ಟು ಸಾಕಾಯಿತು.

ಮರುದಿನ ಉಂಡು ಅತ್ತೆ ಮಲಗಿದ್ದರು. ನಾನು ಮೇಲೆ ಹೋಗಿ ಗೊನೆಗೆ ಕಟ್ಟಿದ್ದ ಊರುಗೋಲು ಬಿಚ್ಚಿದೆ. ಡ್ರಮ್ಮಿನ ಸುತ್ತ ನೀರು ಸುರಿದು, ಹಲಗೆಯೊಂದನ್ನು ಅಡಿಗೆ ಕೊಟ್ಟು ಮೀಟುತ್ತಾ, ಗಿಡ ಅಲುಗದ ಹಾಗೆ ಸ್ವಲ್ಪಸ್ವಲ್ಪವೇ ಹೊರಳಿಸಿದೆ. ಊರುಗೋಲನ್ನು ಮೊದಲಿನಂತೆ ಕಟ್ಟಿದೆ. ನೆಲದ ಮೇಲೆ ಮೂಡಿದ ಮಣ್ಣಿನ ಗುರುತನ್ನು ತೊಳೆದೆ. ರೇಖಾ, ಇದನ್ನೂ ಹೇಳಬೇಕು — ನನಗೆ ಹಗುರ ಅನ್ನಿಸಿತ್ತು.

ಸಂಜೆ ಅತ್ತೆ ಗೊನೆ ನೋಡಿ ಅಲ್ಲೇ ಕುಸಿದು ಕೂತರು. ನೀನು ಬಂದವಳು ಗೊನೆಯನ್ನು ನೋಡಲಿಲ್ಲ, ಡ್ರಮ್ಮಿನ ಬುಡ ನೋಡಿದೆ.

"ನೀರು ಬಸಿಯೋ ತೂತು ಮೋರಿ ಕಡೆ ಇತ್ತಕ್ಕ. ಈಗ ಗೋಡೆ ಕಡೆ ಐತೆ. ಯಾರಾದ್ರೂ ಮ್ಯಾಲೆ ಬಂದಿದ್ರೇನು?"

ಅತ್ತೆಯೂ ನನ್ನ ಮುಖ ನೋಡಿದರು. ಅದೊಂದು ಗಳಿಗೆಯಲ್ಲಿ ಎಲ್ಲವನ್ನೂ ಹಿಂದಕ್ಕೆ ತರಬಹುದಿತ್ತು.

"ಯಾರೂ ಬಂದಿಲ್ಲ," ಎಂದೆ. "ತಾನೇ ತಿರುಗೈತೆ."

ಆಮೇಲಿನದು ನಿನಗೆ ಗೊತ್ತು. ಎಳೆಗಾಯಿ ಇರುವಾಗಲೇ ಗಿಡ ಕಡಿಸಿ ದನಕ್ಕೆ ಹಾಕಿಸಿದರು. ಕುಬಸ ಈ ಮನೆಯಲ್ಲಿ ಬೇಡ ಎಂದರು. ಹೆದರಿದ ಅತ್ತೆ ನಿನ್ನನ್ನು ಕೊಕ್ಕನೂರಿಗೆ ಕಳಿಸಿದರು — ಕಳಿಸುವುದೇ ಒಳ್ಳೆಯದು ಎಂದು ಅವರ ಕಿವಿಯಲ್ಲಿ ಊದಿದವಳು ನಾನು. ಮಗಳು ಚೆನ್ನಾಗಿಯೇ ಹುಟ್ಟಿದಳು. ಆದರೆ ನೀನು ಮತ್ತೆ ಆ ಮನೆಗೆ ಬಾಳಲು ಬರಲಿಲ್ಲ. ಹರಿಹರದಲ್ಲಿ ಬಾಡಿಗೆ ಮನೆ ಮಾಡಿದಿರಿ. ಅತ್ತೆ ತಮ್ಮ ಮನೆಯ ಕೇಡು ಕೂಸಿಗೆ ತಗಲೀತೆಂದು ಬಹಳ ದಿನ ಮೊಮ್ಮಗಳನ್ನು ಎತ್ತಿಕೊಳ್ಳಲೇ ಇಲ್ಲ.

ಅತ್ತೆ ಹಾಸಿಗೆ ಹಿಡಿದ ಮೇಲೆ, ಒಂದು ದಿನ ಗಂಜಿ ಕುಡಿಸುವಾಗ ಅವರೇ ಬಾಯಿಬಿಟ್ಟರು. ಅಟ್ಟದಲ್ಲಿದ್ದ ತೊಟ್ಟಿಲನ್ನು ಇಳಿಸಿ ನಿನ್ನ ಕೂಸಿಗೆ ಕೊಡಬೇಕೆಂದು ಅವರಿಗೆ ಆಸೆಯಿತ್ತಂತೆ. ನೀನು ಒಪ್ಪಲಿಲ್ಲವಂತೆ.

"ಅಕ್ಕನ ಕೂಸು ಮಲಗಿದ್ದ ತೊಟ್ಟಿಲು, ಆ ಮಾತು ಕೇಳಿದ್ರೂ ಅಕ್ಕ ಸಂಕಟ ಪಡ್ತಾಳ, ಅವಳ ಕಿವಿಗೆ ಹಾಕಬ್ಯಾಡ್ರಿ ಅಂತಿದ್ಲು ರೇಖಾ," ಎಂದರು ಅತ್ತೆ.

ನಾನು ಅವರ ಬಾಯಿ ಒರೆಸಿದೆ. ಆದರೆ ಕೇಳು — ಆಗಲೂ ನನ್ನ ಮನಸ್ಸು, ಇದು ನಿಜವೋ ಅಥವಾ ನಿನ್ನನ್ನು ಒಳ್ಳೆಯವಳು ಮಾಡಲು ಅತ್ತೆ ಕಟ್ಟಿದ್ದೋ ಎಂದು ತೂಗಿ ನೋಡಿತು. ಅಂಥ ಮನಸ್ಸು ನನ್ನದು. ನಿಜವೆಂದು ಒಪ್ಪಿಕೊಂಡ ಮೇಲೂ ನಾನು ಬಾಯಿ ಬಿಡಲಿಲ್ಲ. ಮನೆಗೇ ಏನೋ ಶಾಪ ತಟ್ಟಿದೆ ಎಂದು ನಂಬಿಯೇ ಅತ್ತೆ ತೀರಿಕೊಂಡರು. ಅವರಿಗೆ ಹೇಳಲು ಇನ್ನು ಸಾಧ್ಯವಿಲ್ಲ.

ಹಬ್ಬಕ್ಕೆ ನೀವು ಬರುತ್ತೀರಿ. ನಾನು ಮಾಡಿದ್ದನ್ನು ಉಣ್ಣುತ್ತೀ, ಪಾತ್ರೆ ತೊಳೆಯಲು ಕೈ ಜೋಡಿಸುತ್ತೀ. ಆದರೆ ಮಗಳನ್ನು ನನ್ನ ಹತ್ತಿರ ಒಬ್ಬಳನ್ನೇ ಬಿಡುವುದಿಲ್ಲ. ಅವಳು ನನ್ನ ಹಿಂದೆ ಅಡುಗೆಮನೆಗೆ ಬಂದರೆ ಏನೋ ನೆಪ ಮಾಡಿ ಕರೆಯುತ್ತೀ. ನಿನಗೆ ಅವತ್ತೇ ಗೊತ್ತಾಗಿತ್ತೇ? ಗೊತ್ತಿದ್ದೂ ಇಷ್ಟು ವರ್ಷ ನುಂಗಿಕೊಂಡೆಯಾ? ಮೊದಲು ಇದನ್ನು ಅವಮಾನ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ — ನಿನ್ನ ಜಾಗದಲ್ಲಿದ್ದರೆ ನಾನೂ ಬಿಡುತ್ತಿರಲಿಲ್ಲ.

ಬರುವ ಭಾನುವಾರ ಹರಿಹರಕ್ಕೆ ಬರುತ್ತೇನೆ. ಬರೆದು ಮುಗಿಸಿಬಿಡುವುದು ಸುಲಭ. ನಿನ್ನ ಗಂಡನ ಮುಂದೆ, ನಿನ್ನ ಮುಖ ನೋಡಿಕೊಂಡೇ ಇದನ್ನು ಹೇಳಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ದೊಡ್ಡಮ್ಮ ಏನು ಮಾಡಿದಳು ಎಂದು ಮಗಳು ಕೇಳಿದರೆ, ಇದ್ದದ್ದನ್ನು ಇದ್ದ ಹಾಗೆ ಹೇಳು. ಅವಳು ಕೇಳಿಸಿಕೊಂಡು ಮುಗಿಸುವ ತನಕ ನಾನು ಎದ್ದು ಹೋಗುವುದಿಲ್ಲ.