ಜರ್ಮನಿಗೆ ಹೋದ ಗಂಜಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಮೋತಿಬಿಯ ಗಂಜಿಗೆ ದೊಡ್ಡ ಹೆಸರಿತ್ತು. ಗಂಡ ಖಾಜಾಸಾಬ ನೇಯುತ್ತಿದ್ದ. ಇವಳು ಅಕ್ಕಿ ಗಂಜಿ ಕಾಯಿಸಿ, ಸೋಸಿ, ನೂಲಿಗೆ ಹಚ್ಚಿ ಕುಂಚದಿಂದ ತಿಕ್ಕುತ್ತಿದ್ದಳು. ನೇಯ್ದು ಮುಗಿದ ಸೀರೆಗೂ ಮತ್ತೊಂದು ಕೈ ಗಂಜಿ. ಅವಳ ಸೀರೆಯ ಮಡಿಕೆ ಬಿಚ್ಚಿದರೆ ಹಪ್ಪಳ ಮುರಿದಂತೆ ಸಪ್ಪಳವಾಗುತ್ತಿತ್ತು. ಲಕ್ಷ್ಮೇಶ್ವರದ ನಮ್ಮ ಬಟ್ಟೆ ಅಂಗಡಿಗೆ ಬರುವ ಹೆಂಗಸರು ಮೊದಲು ಸೀರೆಯನ್ನು ಹಿಚುಕಿ ನೋಡುತ್ತಿದ್ದರು, ಬಣ್ಣ ಆಮೇಲೆ. ಗರಿಗರಿ ಇದ್ದರೆ ಹೊಸದು, ಮೆತ್ತಗಿದ್ದರೆ ಯಾರೋ ಉಟ್ಟು ಬಿಟ್ಟದ್ದು ಎಂದೇ ನಮ್ಮ ಸೀಮೆಯ ಲೆಕ್ಕ. ಮದುವೆ ಸೀರೆಗಂತೂ ಎರಡು ಪಟ್ಟು ಗಂಜಿ ಬೇಕು.

ಎಪ್ಪತ್ತರ ದಶಕದ ನಡುವಿಗೆ ನೈಲಾನ್ ಬಂತು. ನಮ್ಮ ಪಕ್ಕದ ಹಳ್ಳಿ ಅಡರಕಟ್ಟಿಯಲ್ಲಿ ಅದನ್ನು ಮೊದಲು ಉಟ್ಟವಳು ಜಮೀನುದಾರರ ಮನೆಯ ಗದಿಗೆವ್ವ. ಊರ ಹೆಂಗಸರು ಒಂದು ವರ್ಷ ಬರೀ ನೋಡಿದರು. ಹರಿಯುತ್ತದೋ, ಒಲೆ ಮುಂದೆ ಹೊತ್ತಿಕೊಳ್ಳುತ್ತದೋ, ಅತ್ತೆ ಬೈಯುತ್ತಾಳೋ ಎಂದು ಕಾದರು. ಏನೂ ಆಗಲಿಲ್ಲ. ಒಗೆದು ಕೊಡವಿದರೆ ಮನೆ ಮುಟ್ಟುವಷ್ಟರಲ್ಲಿ ಒಣಗುವ ಸೀರೆ. ಹಿಂಡಲು ಇನ್ನೊಬ್ಬಳು ಬೇಡ, ಗಂಜಿಯಂತೂ ಬೇಡವೇ ಬೇಡ. ಮರುವರ್ಷ ಇಡೀ ಊರು ನೈಲಾನ್ ಕೇಳಿತು, ನಾನು ಮಾರಿದೆ. ಅಂಗಡಿ ಇಟ್ಟವನು ಗಿರಾಕಿಗೆ ಉಪದೇಶ ಮಾಡುತ್ತ ಕೂತರೆ ನೊಣ ಹೊಡೆಯಬೇಕಾಗುತ್ತದೆ. ಆ ಹೆಂಗಸರನ್ನು ಹಳಿಯುವ ಗಂಡಸರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೀರು ಕುಡಿದ ನೂಲಿನ ಸೀರೆಯನ್ನು ಅವರೇನು ಒಂದು ದಿನವಾದರೂ ಹಿಂಡಿದವರಲ್ಲ.

ಆದರೆ ಖಾಜಾಸಾಬನ ಮಗ್ಗ ನಿಲ್ಲತೊಡಗಿತು. ಮಗ್ಗ ನಿಂತರೆ ಅವನಿಗಿದ್ದ ದಾರಿ ಒಂದೇ, ಹತ್ತಿಯಿಂದ ಬೀಜ ಬಿಡಿಸುವ ಗದಗಿನ ಜಿನ್ನಿಂಗ್ ಕಾರ್ಖಾನೆ. ಹರೆಯದಲ್ಲಿ ಒಂದು ಸುಗ್ಗಿ ಅಲ್ಲಿ ದುಡಿದು, ಅರಳೆಯ ಧೂಳು ಎದೆಗೆ ಹೊಕ್ಕು, ರಕ್ತ ಕೆಮ್ಮಿಕೊಂಡು ಮರಳಿದ್ದ. ಇನ್ನೊಮ್ಮೆ ಹೋದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಏನೇ ಆಗಲಿ ಗಂಡನನ್ನು ಜಿನ್ನಿಂಗಿಗೆ ಕಳಿಸಬಾರದು ಎಂಬುದೊಂದೇ ಮೋತಿಬಿಯ ಹಟವಾಗಿತ್ತು.

ಗದಗಿನ ಬಟ್ಟೆ ದಲಾಲ ಮುದಕಪ್ಪ ಆಗ ಮುಂಬೈಗೆ ಓಡಾಡಿಕೊಂಡಿದ್ದ. ಅಲ್ಲಿಯ ವ್ಯಾಪಾರಿಯೊಬ್ಬ ಕೈಮಗ್ಗದ ಬಟ್ಟೆಯನ್ನು ಜರ್ಮನಿಗೆ ಕಳಿಸುತ್ತಾನೆ, ಮಾದರಿ ಬೇಕು ಎನ್ನುತ್ತ ಒಂದು ದಿನ ಖಾಜಾಸಾಬನ ಮನೆಗೆ ಬಂದ. ಮೋತಿಬಿ ನೀರಿಗೆ ಹೋಗಿದ್ದಳು. ಅವಳು ವರ್ಷಗಟ್ಟಲೆ ಉಟ್ಟ ಚೌಕಡಿ ಸೀರೆ ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಚೌಕಡಿ ಚೆನ್ನಾಗಿದೆ ಎಂದ ಮುದಕಪ್ಪ, ಖಾಜಾಸಾಬ ಬೇಡವೆನ್ನುವಷ್ಟರಲ್ಲಿ ಅದನ್ನೇ ಚೀಲಕ್ಕೆ ತುರುಕಿಕೊಂಡು ಬಸ್ಸಿಗೆ ಓಡಿದ. ತಾನು ಉಟ್ಟು ಸವೆಸಿದ್ದು ಪರದೇಶದವರ ಕೈಗೆ ಹೋಯಿತೆಂದು ಮೋತಿಬಿ ನಾಚಿಕೆಯಿಂದ ಓಣಿಯಲ್ಲಿ ತಲೆ ಎತ್ತಲಿಲ್ಲ.

ಆಶ್ಚರ್ಯವೆಂದರೆ ಆರ್ಡರು ಬಂತು. ಅದೇ ಚೌಕಡಿ, ಅದೇ ಬಣ್ಣ, ಹಾಸಿಗೆಗೂ ಕಿಟಕಿ ಪರದೆಗೂ. ಖಾಜಾಸಾಬ ಆ ಬೇಸಿಗೆಯಿಡೀ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯಿಂದ ಮೇಲೇಳಲಿಲ್ಲ. ಇತ್ತ ಮೋತಿಬಿ ಮರ್ಯಾದೆ ಉಳಿಸಿಕೊಳ್ಳಲು ನಿಂತಳು.

"ಹಳೇದು ನೋಡಿ ನಮ್ಮನ್ನ ಏನ ತಿಳಕೊಂಡಾರೋ ಏನೋ. ಹೊಸದು ನೋಡಿ ಅವ್ರ ಕಣ್ಣ ಅರಳಬೇಕು" ಎಂದು ಮದುವೆ ಸೀರೆಗಿಂತಲೂ ಹೆಚ್ಚು ಗಂಜಿ ಕೊಟ್ಟಳು. ಬಟ್ಟೆ ಹಲಗೆಯಂತೆ ನಿಂತಿತು. ನೋಡಿದವರೆಲ್ಲ ಭಲೆ ಎಂದರು, ಮುದಕಪ್ಪನೂ ಎಂದ.

ಮೂಟೆ ಕಟ್ಟಿದ ಬೇಲುಗಳು ಮುಂಬೈ ಮುಟ್ಟುವಾಗ ಮಳೆಗಾಲ. ಬಂದರಿನ ಗೋದಾಮಿನಲ್ಲಿ, ಆಮೇಲೆ ಹಡಗಿನ ಹೊಟ್ಟೆಯಲ್ಲಿ ಗಂಜಿಗೆ ಬೂಸ್ಟು ಹಿಡಿಯಿತು. ಜರ್ಮನಿಯವರು ಬೇಲು ಬಿಚ್ಚಿ ಮೂಗು ಮುಚ್ಚಿಕೊಂಡರಂತೆ. ಮಾಲು ಬೇಡವೆಂದರು, ದುಡ್ಡೂ ಬರಲಿಲ್ಲ. ಮುದಕಪ್ಪ ಬಂದು ಮಳೆಯನ್ನು ಬೈದ, ಓಣಿಯವರೂ ಮಳೆಯನ್ನೇ ಬೈದರು. ಆ ಸುಗ್ಗಿಗೆ ಖಾಜಾಸಾಬ ಜಿನ್ನಿಂಗಿಗೆ ಹೊರಟ. ಮೋತಿಬಿ ಬಾಗಿಲಿಗೆ ಅಡ್ಡ ನಿಂತಳು, ತವರಿಗೆ ಹೋಗುತ್ತೇನೆಂದು ಹೆದರಿಸಿದಳು. ಊಟಕ್ಕೇನು ಮಾಡೋಣ ಎಂದು ಅವನು ಕೇಳಿದಾಗ ಪಕ್ಕಕ್ಕೆ ಸರಿದಳು. ಎರಡನೆಯ ಸುಗ್ಗಿ ಮುಗಿಯುವ ಮೊದಲೇ ಅವನು ಹಾಸಿಗೆ ಹಿಡಿದ.

ನಾನು ನೋಡಲು ಹೋದ ದಿನವೇ ಮುದಕಪ್ಪನೂ ಬಂದ. ಮುಂಬೈಯವನು ಮತ್ತೆ ಬಟ್ಟೆ ಕೇಳುತ್ತಿದ್ದಾನೆ, ಆದರೆ ಈ ಸಲ ಗಂಜಿಯನ್ನೆಲ್ಲ ಒಗೆದು ತೆಗೆದು, ಆ ಹಳೆಯ ಸೀರೆಯಷ್ಟೇ ಮೆತ್ತಗೆ ಮಾಡಿ ಕೊಡಬೇಕು ಎಂದ. ಮಾತಿನ ಭರದಲ್ಲಿ, ಜರ್ಮನಿಯವರು ಮೊದಲೇ ಆ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು ಮೆಚ್ಚಿದ್ದರು, ಆಗಲೂ ಹೀಗೇ ಕೇಳಿದ್ದರು ಎಂದುಬಿಟ್ಟ.

ಮೋತಿಬಿ ಅವನತ್ತ ತಿರುಗಿದಳು. "ಇದನ್ನ ಆವಾಗ ಯಾಕ ಹೇಳಲಿಲ್ಲರಿ?"

"ನೀ ಉಟ್ಟ ಹಳೇ ಸೀರಿನ ಮೆಚ್ಚ್ಯಾರ ಅಂತ ಯಾವ ಬಾಯಿಲೆ ಹೇಳ್ಲಿ, ಮೋತಿಬಿ? ನಿನ್ನ ಗಂಜಿಗೆ ಹೆಸರೈತಿ. ಅವ್ರಿಗೆ ಬಟ್ಟಿ ತಿಳಿಯಂಗಿಲ್ಲ, ಹೊಸದು ಕಂಡ್ರ ತಾವ ಒಪ್ಪತಾರ ಅನ್ಕೊಂಡೆ."

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಅವನು ಕೆಟ್ಟವನಲ್ಲ. ಉಟ್ಟು ಮೆತ್ತಗಾದದ್ದನ್ನು ನೇಕಾರರ ಹೆಂಗಸಿನ ಮುಂದೆ ಹೊಗಳುವುದು ನಮ್ಮ ಕಡೆ ಅವಳನ್ನು ಅವಮಾನಿಸಿದಂತೆಯೇ.

ಒಳಗೆ ಮಲಗಿದ್ದ ಖಾಜಾಸಾಬ ಎಲ್ಲ ಕೇಳಿಸಿಕೊಂಡಿದ್ದ. ತಾನೇ ನೇಯುತ್ತೇನೆಂದು ಎದ್ದು ಕೂತ. ಎಷ್ಟು ಹೇಳಿದರೂ ಕೇಳಲಿಲ್ಲ. ಮೋತಿಬಿ ಕಂಕುಳಿಗೆ ಕೈಕೊಟ್ಟು ಅವನನ್ನು ಕುಣಿಗೆ ಇಳಿಸಿದಳು. ಒಂದು ಗೇಣು ನೇಯುವ ಮೊದಲೇ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ನಾವು ಮೂವರೂ ಸೇರಿ ಮೇಲೆತ್ತಿದೆವು. ಮಳೆಗಾಲಕ್ಕೆ ಮೊದಲೇ ತೀರಿಕೊಂಡ.

ಆ ಆರ್ಡರನ್ನು ಓಣಿಯ ಬೇರೆಯವರು ನೇಯ್ದರು. ಜರ್ಮನಿಯವರು ಒಪ್ಪಿದರು, ಈಗ ವರ್ಷವರ್ಷ ಮಾಲು ಹೋಗುತ್ತದೆ. ಓಣಿಯಲ್ಲಿ ಕೆಲವು ಮಗ್ಗ ಉಳಿದಿರುವುದು ಅದರಿಂದಲೇ, ಇಲ್ಲವೆನ್ನಲಾರೆ. ಬಟ್ಟೆ ಒಗೆದು ಮೆತ್ತಗೆ ಮಾಡುವ ಕೆಲಸಕ್ಕೆ ಓಣಿಯವರು ಮೋತಿಬಿಯನ್ನು ಕರೆದರು. ಅವಳು ಒಲ್ಲೆನೆಂದು ಅದೇ ಜಿನ್ನಿಂಗಿಗೆ ಹತ್ತಿ ಆರಿಸಲು ಹೋದಳು. ಹುಚ್ಚು ಹಿಡಿದಿದೆಯೇ ಎಂದು ನಾನು ರೇಗಿದೆ.

"ಅಲ್ಲೆ ಎಲ್ಲಾರೂ ಕೆಮ್ಮತಾರ್ರಿ. ಕಣ್ಣ ಮುಚ್ಚಿದ್ರ ಅವ ಬಾಜೂಕ ಇದ್ದಂಗ ಅನಸ್ತೈತಿ" ಎಂದಳು.

ಹೋದ ತಿಂಗಳು ಸಿಕ್ಕಾಗ ಅವಳೂ ಕೆಮ್ಮುತ್ತಿದ್ದಳು.