ಕಿಟಕಿಯಲ್ಲಿದ್ದ ಬಿಳಿ ಡಬ್ಬಿ

ಅಕ್ಕನ ಡಬ್ಬಿ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ, ಉಪ್ಪಿನಕಾಯಿ ಭರಣಿಯಿಂದ ಒಂದು ಗೇಣು ದೂರ ಇರುತ್ತಿತ್ತು. ಒಳಗೆ ಜೇನಿನ ಬಣ್ಣದ ನುಣುಪಾದ ಗುಳಿಗೆಗಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವ್ವ ಒಂದನ್ನು ಚಮಚದಿಂದ ತೆಗೆದು ಅಕ್ಕನ ಅಂಗೈಗೆ ಹಾಕುತ್ತಿದ್ದಳು. ಅದು ಮೀನಿನ ಎಣ್ಣೆ ಎಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿತ್ತು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಅಕ್ಕ ಅಂಥದ್ದನ್ನೆಲ್ಲ ಓದುವವಳಲ್ಲ. ನಾನು ಓದುತ್ತೇನೆ.

ನಮ್ಮದು ಮಸ್ಕಿಯಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆ. ಹೊಸ್ತಿಲೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಎಂಟು ವರ್ಷದ ಹಿಂದೆ, ಲಿಂಗಸುಗೂರಿನ ಕಾಲೇಜಿಗೆ ಹೋಗುತ್ತಿದ್ದಾಗ, ಒಮ್ಮೆ ಬೇಕರಿಯಲ್ಲಿ ಎಗ್ ಪಫ್ ತಿಂದೆ. ಯಾರೋ ನೋಡಿ ಮನೆಗೆ ಹೇಳಿದರು. ಅವ್ವ ಬೈಯಲಿಲ್ಲ. ಹಿತ್ತಲಲ್ಲಿ ಕೂರಿಸಿ ನನ್ನ ತಲೆಯ ಮೇಲೆ ನೀರು ಸುರಿದಳು, ನನ್ನ ತಟ್ಟೆ ಬೇರೆ ಇಟ್ಟಳು, ನಾಲ್ಕು ದಿನ ಮಾತಾಡಲಿಲ್ಲ.

ಅಕ್ಕನ ಕಾಯಿಲೆಗೆ ಎರಡು ವರ್ಷದ ಹಿಂದೆ ಸಿಂಧನೂರಿನಲ್ಲಿ ಹೆಸರು ಸಿಕ್ಕಿತು: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಅಲ್ಲಿಯವರೆಗೆ ನಾವು ಅದನ್ನು ಸಿಟ್ಟು ಎನ್ನುತ್ತಿದ್ದೆವು. ಬೆಳಿಗ್ಗೆ ನನ್ನ ಕೆನ್ನೆ ಸವರಿ ಕಳಿಸಿದವಳು, ಸಂಜೆ ನನ್ನ ಬಸ್ಸು ಸ್ವಲ್ಪ ತಡವಾದರೆ "ನೀವೆಲ್ಲಾ ನನ್ನ ಬಿಟ್ಟು ಹೋಗವ್ರ" ಎಂದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಆ ಬಾಗಿಲನ್ನು ಒಡೆದು ಅವಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು.

ವಾರಕ್ಕೊಮ್ಮೆ ಕೌನ್ಸೆಲರ್ ಜೊತೆ ಫೋನಿನಲ್ಲಿ ಮಾತಾಡುವುದೇ ಮುಖ್ಯ ಚಿಕಿತ್ಸೆ, ಜೊತೆಗೆ ರಾತ್ರಿ ಒಂದು ಗುಳಿಗೆ ಎಂದು ಡಾಕ್ಟರು ಹೇಳಿದರು. ಅವ್ವನಿಗೆ ಮಾತು ಔಷಧಿಯಂತೆ ಕಾಣಲಿಲ್ಲ. ತನ್ನ ಕೈಯಾರೆ ಕೊಡಲು ಏನಾದರೂ ಬೇಕಿತ್ತು. ತಲೆಗೆ ಬ್ರಾಹ್ಮಿ ಎಣ್ಣೆ ಬಂತು, ಹಾಲಿಗೆ ಅಶ್ವಗಂಧ ಬಂತು. ರಾತ್ರಿಯ ಗುಳಿಗೆಯ ಜೊತೆ ಅಶ್ವಗಂಧ ಬೇಡ ಎಂದು ಡಾಕ್ಟರು ನಿಲ್ಲಿಸಿದಾಗ ಅವ್ವ, "ಮತ್ತೇನರ ಬರಕೊಡ್ರೀ" ಎಂದು ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಉಪಯೋಗ ಆಗಬಹುದು, ಆಗದೆಯೂ ಇರಬಹುದು ಎಂದು ಹೇಳಿಯೇ ಅವರು ಆ ಡಬ್ಬಿ ಬರೆದುಕೊಟ್ಟರು.

ಅದು ಬಂದ ಮೇಲೆ ಮೂರು ತಿಂಗಳು ಚಿಲಕ ಬಿದ್ದಿರಲಿಲ್ಲ. ಡಬ್ಬಿಯಿಂದಲೋ ಮಾತಿನಿಂದಲೋ ಯಾರಿಗೆ ಗೊತ್ತು. ಮೀನು ಎಂದು ತಿಳಿದರೆ ತನಗೆ ಮೋಸ ಮಾಡಿದೆವು ಎಂದುಕೊಂಡು ಅಕ್ಕ ಮತ್ತೆ ಆ ಬಾಗಿಲ ಹಿಂದೆ ಹೋಗುತ್ತಾಳೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದೆ.

ಒಂದು ಭಾನುವಾರ ಅವ್ವ ಅಕ್ಕನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಎಣ್ಣೆ ಬೆಚ್ಚಗೆ ಮಾಡಿ ತಂದವಳು ನಾನು. ನಾನೂ ಜಡೆ ಬಿಚ್ಚಿ ಪಕ್ಕದಲ್ಲಿ ಕುಳಿತಿದ್ದೆ. ಅಕ್ಕ ಸ್ನಾನಕ್ಕೆ ಎದ್ದಳು. ಅವ್ವ ಕೈ ಒರೆಸಿಕೊಳ್ಳತೊಡಗಿದಳು.

"ನನಗ?"

"ನೀ ಶಾಣ್ಯಾಕಿ ಅದಿ, ಹಚ್ಚಿಗೊಳ್ಳವ್ವಾ. ನಿಂದೇನು ಚಿಂತಿಲ್ಲ ನನಗ."

ನಾನು ಎಣ್ಣೆಯ ಬಟ್ಟಲು ನೋಡುತ್ತ ಹೇಳಿದೆ. "ಅವ್ವಾ, ಆಕಿಗೆ ದಿನಾ ಕೊಡ್ತೀಯಲ್ಲ, ಅದು ಮೀನಿನ ಎಣ್ಣಿ."

"ಗೊತ್ತೈತಿ. ಔಷಧಿ ಅಂಗಡ್ಯಾಗ ಮೊದಲ ದಿನಾನೇ ಹೇಳ್ಯಾರ."

"ಗೊತ್ತಿದ್ದೂ ಕೊಟ್ಟಿ?"

"ಏನು ಮಾಡ್ಲಿ? ಕೊಟ್ಟು, ದಿನಾ ಎರಡನೇ ಜಳಕ ಮಾಡಾಕತ್ತೀನಿ."

ಮಧ್ಯಾಹ್ನದ ಆ ಸ್ನಾನವನ್ನು ನಾನು ಸೆಕೆಗೆಂದು ತಿಳಿದಿದ್ದೆ. ನನ್ನ ಪಫ್‌ಗೆ ನೀರು ಬಿದ್ದದ್ದು ನನ್ನ ತಲೆಯ ಮೇಲೆ. ಅಕ್ಕನ ಗುಳಿಗೆಗೆ ಅವ್ವ ತನ್ನ ತಲೆಯ ಮೇಲೆಯೇ ಸುರಿದುಕೊಳ್ಳುತ್ತಿದ್ದಳು.

ಬಚ್ಚಲ ಬಾಗಿಲಲ್ಲಿ ಅಕ್ಕ ಟವೆಲ್ ಹಿಡಿದು ನಿಂತಿದ್ದಳು. "ಮೀನಾ?" ಎಂದಳು. ಕೋಣೆಗೆ ಹೋದಳು. ಚಿಲಕ ಬಿತ್ತು.

ಅವ್ವ ನನ್ನನ್ನು ಒಮ್ಮೆ ನೋಡಿದಳು. ಇಬ್ಬರೂ ಬಾಗಿಲ ಹೊರಗೆ ನೆಲದ ಮೇಲೆ ಕುಳಿತೆವು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಅಕ್ಕನ ದನಿ ಕೇಳಿಸಿತು, ಸಣ್ಣಗೆ, ನಡುನಡುವೆ ನಿಂತು. ಕೌನ್ಸೆಲರ್‌ಗೆ ಫೋನ್ ಮಾಡಿದ್ದಳು.

ಹೊರಗೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. "ಸಿಟ್ಟು ಬಂದೈತಿ, ನಿಮ್ಮಿಬ್ಬರ ಮ್ಯಾಲೂ. ಹೇಳದ ನುಂಗಿಸೀರಿ. ಇವತ್ತು ನಾ ಮಾತಾಡಂಗಿಲ್ಲ. ನಾಳಿ ಮಾತಾಡ್ತೀನಿ." ಅವ್ವನ ಕಡೆ ತಿರುಗಿದಳು. "ಒಂದ ದಿನ ಅಷ್ಟ. ಇಕಿಗೆ ಮಾಡಿದಂಗ ನಾಕು ದಿನ ಅಲ್ಲ."



ಮರುದಿನ ಅಕ್ಕ ನಿಜವಾಗಿಯೂ ಮಾತಾಡಿದಳು. ಆ ಡಬ್ಬಿ ಇರಲೇಬೇಕೆಂದೇನಿಲ್ಲ, ಮಾತು ಮತ್ತು ರಾತ್ರಿಯ ಗುಳಿಗೆ ಮಾತ್ರ ಬಿಡಬೇಡಿ ಎಂದರು ಡಾಕ್ಟರು. ಈಗ ಅವ್ವ ಆ ಡಬ್ಬಿಯ ಬದಲಿಗೆ ಅಗಸೆ ಬೀಜ ಹುರಿದು ಚಟ್ನಿಪುಡಿ ಕುಟ್ಟುತ್ತಾಳೆ. ಮೊದಲ ಚಮಚ ಈಗಲೂ ಅಕ್ಕನ ತಟ್ಟೆಗೇ.

ನಾಲ್ಕು ದಿನದ ಆ ಮಾತನ್ನು ನಾನು ಎಂಟು ವರ್ಷ ಹೇಳಲಾಗದೆ ಬಾಯಲ್ಲೇ ಇಟ್ಟುಕೊಂಡಿದ್ದೆ. ನನ್ನ ಪರವಾಗಿ ಅದನ್ನು ಹೇಳಿದವಳು ಅಕ್ಕ, ಅದೂ ತನ್ನ ಚಿಲಕ ತಾನೇ ತೆಗೆದು ಬಂದು. ಅವಳಿಗೆ ಹಾಗೆ ಹೇಳಲು ಬಂತಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಅವ್ವನ ಕೈಯಿಂದ ಅವಳಿಗೆ ಸಿಕ್ಕ ಎಣ್ಣೆಗೆ, ಹಾಲಿಗೆ ಆದದ್ದಕ್ಕಿಂತ ಹೆಚ್ಚಾಗಿ.